ಹೆಸರು ಮೊದಲು, ದಿಕ್ಕು ಆಮೇಲೆ

ಕಾರ್ಡಿಗನ್ ಒಗೆಯಲು ಹಾಕುವ ಮುಂಚೆ ಜೇಬು ತಡಕಿದರೆ ಬೆರಳಿಗೆ ಹತ್ತಿ ಸಿಕ್ಕಿತು. ಕಪ್ಪು ಬಣ್ಣ ಬಳಿದ ಪುಟ್ಟ ಉಂಡೆ. ಏನಿದು ಅಂತೀರಾ? ವಿಮಾನದ ಹೊಗೆ. ನಗಬೇಡಿ, ಹೇಳುತ್ತೇನೆ.

ರಿಟೈರ್ ಆದಮೇಲೆ ನಮ್ಮ ಮನೆಯವರಿಗೆ ಒಂದು ಹುಚ್ಚು ಹಿಡಿಯಿತು. ಬೆರಳುದ್ದದ ಯುದ್ಧವಿಮಾನಗಳಿಗೆ ಬಣ್ಣ ಹಚ್ಚಿ, ಕಡ್ಡಿಯ ಮೇಲೆ ನಿಲ್ಲಿಸಿ, ಟೇಬಲ್ಲಿನ ಮೇಲೆ ಕಾದಾಡಿಸುವುದು. ಇಲ್ಲಿ ನ್ಯೂಜಿಲೆಂಡಿನ ಪಾಮರ್ಸ್ಟನ್ ನಾರ್ತ್‌ನಲ್ಲಿ ವರ್ಷಕ್ಕೊಮ್ಮೆ ಇಂಥ ಆಟಗಾರರ ಕನ್ವೆನ್ಷನ್ ಬೇರೆ. ವೆರಿ ಚೈಲ್ಡಿಷ್ ಎಂದು ನಾನು ಮೂಗು ಮುರಿಯುತ್ತಿದ್ದೆ. ಆಮೇಲೆ ಇವರ ಕಣ್ಣಿಗೆ ಗ್ಲಾಕೋಮಾ ಬಂತು. ಕೊಳವೆಯೊಳಗಿಂದ ನೋಡಿದ ಹಾಗೆ ಎದುರಿನದಷ್ಟೇ ಕಾಣುತ್ತದೆ, ಅಕ್ಕಪಕ್ಕ ಕತ್ತಲು. ಕಾರಿನ ಕೀ ನನ್ನ ಕೈಗಿಟ್ಟ ದಿನದಿಂದ ಮಾತೂ ಕಡಿಮೆಯಾಯಿತು, ಕಿಟಕಿ ಪಕ್ಕದ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ.

ಈ ವರ್ಷದ ಕನ್ವೆನ್ಷನ್ನಿಗೆ ಹೊರಡುವಾಗ ಅಂದರು: "ಇವತ್ತು ನನ್ನ ವಿಮಾನ ಬಿದ್ರೆ ಎಲ್ಲಾ ಪ್ಯಾಕ್ ಮಾಡಿ ಯಾರಿಗಾದ್ರೂ ಕೊಟ್ಬಿಡ್ತೀನಿ. ಕೀ ಕೊಟ್ಟ ಹಾಗೆ."

ಅದಕ್ಕೇ ನಾನೂ ಆಟಕ್ಕೆ ಕೂತೆ, ಅವರ ಜೊತೆಯ ಪೈಲಟ್ ಆಗಿ.

ಊಟದ ಪಂಕ್ತಿಯಷ್ಟು ಉದ್ದದ ಟೇಬಲ್, ಸುತ್ತ ಇಪ್ಪತ್ತು ಜನ. ಎಡಕ್ಕೋ ಬಲಕ್ಕೋ ನೇರಕ್ಕೋ, ಎಲ್ಲರೂ ತಮ್ಮ ಕಾರ್ಡನ್ನು ಬೋರಲು ಇಡಬೇಕು. ಅಂಪೈರ್ ಗ್ರೇಮ್ "ನೌ!" ಎಂದಾಗ ಒಟ್ಟಿಗೆ ತಿರುಗಿಸಿ ಹಾರಬೇಕು. ಅದಕ್ಕೆ ಮೊದಲು ಜೊತೆಗಾರನನ್ನು ಎಚ್ಚರಿಸಬಹುದು, ಅವನು ಕಾರ್ಡ್ ಬದಲಿಸಬಹುದು. ಆದರೆ ಆ ಗಲಾಟೆಯಲ್ಲಿ ಯಾರು ಯಾರಿಗೆ ಕೂಗಿದರೆಂದು ತಿಳಿಯಬೇಕಲ್ಲ? ಹೆಸರು ಮೊದಲು, ದಿಕ್ಕು ಆಮೇಲೆ. ಹೆಸರಿಲ್ಲದ ಕೂಗು ಲೆಕ್ಕಕ್ಕಿಲ್ಲ.

ಕೆಂಪು ವಿಮಾನವೊಂದು ಇವರ ಎಡಗಡೆಯಿಂದ ನುಗ್ಗಿತು. ಇವರಿಗೆ ಕಾಣಲಿಲ್ಲ.

"ರೀ! ಎಡಗಡೆ ರೀ!"

"ಸಾರಿ, ಲವ್. ನೇಮ್ ಫಸ್ಟ್," ಎಂದ ಗ್ರೇಮ್. ಕಾರ್ಡುಗಳು ತಿರುಗಿದವು. ಏಟು ಬಿತ್ತು. ಗ್ರೇಮ್ ಇವರ ವಿಮಾನದ ಬಾಲಕ್ಕೆ ಹೊಗೆಯೆಂದು ಕಪ್ಪು ಹತ್ತಿ ಸಿಕ್ಕಿಸಿದ. ಇನ್ನೊಂದು ಏಟಿಗೆ ಕೆಳಗೆ.

"ಬಿಡು, ಆಡಿದ್ದಾಯ್ತು," ಎಂದರು ಇವರು, ಮೆಲ್ಲಗೆ.

ಇವರ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದ್ದು ಮದುವೆಯ ದಿನ, ಹೊಸಿಲಲ್ಲಿ ಅಡ್ಡಗಟ್ಟಿ ಹೇಳಿಸಿದಾಗ ಮಾತ್ರ. ಅದೂ ಅರ್ಧ ನುಂಗಿ. "ಗಂಡನ ಹೆಸರು ಕರೆದ್ರೆ ಅವನ ಆಯಸ್ಸು ಸವೆಯತ್ತೆ ಕಣೇ," ಅಂದಿದ್ದರು ಅತ್ತೆ. ಮೈಸೂರಿನ ಕಾನ್ವೆಂಟಿನಲ್ಲಿ "ಸ್ಪೀಕ್ ಅಪ್, ಚೈಲ್ಡ್!" ಎಂದು ಬೆಳೆಸಿದ ಹುಡುಗಿ ನಾನು, ಸೂಪರ್‌ಸ್ಟಿಷನ್ ಎಂದು ಒಳಗೇ ನಕ್ಕಿದ್ದೆ. ನಕ್ಕರೇನು ಬಂತು? ಕಣ್ಣಿನ ಆಸ್ಪತ್ರೆಯ ಕೌಂಟರಿನಲ್ಲೂ ಹೆಸರನ್ನು ಚೀಟಿಯಲ್ಲಿ ಬರೆದು ತಳ್ಳಿದವಳು ನಾನು.

ಕೆಂಪು ವಿಮಾನ ಸುತ್ತಿ ಬಂತು, ಈಗ ಬಲಗಡೆ. ಇವರು ಎದುರು ನೋಡುತ್ತಲೇ ಕಾರ್ಡ್ ಇಟ್ಟರು. ಗ್ರೇಮ್ ಕೈ ಎತ್ತಿದ. ಕರೆದರೆ ಆಯಸ್ಸು ಸವೆಯುವುದು, ಕರೆಯದಿದ್ದರೆ ಆ ಕಿಟಕಿ ಪಕ್ಕದ ಕುರ್ಚಿ, ಆ ಮೌನ.

"ವಾಸುದೇವಾ! ಬಲಗಡೆ!"

ಕಾನ್ವೆಂಟಿನ ಸಿಸ್ಟರ್ ಕೇಳಿದ್ದರೆ ಫುಲ್ ಮಾರ್ಕ್ಸ್ ಕೊಡುತ್ತಿದ್ದರು. ಇವರು ವಿಮಾನವನ್ನು ನೋಡಲಿಲ್ಲ, ಇಡೀ ಕತ್ತು ತಿರುಗಿಸಿ ನನ್ನನ್ನು ನೋಡಿದರು. ಕೈ ಮಾತ್ರ ಕಾರ್ಡ್ ಬದಲಿಸಿತು.

"ನೌ!"

ಕೆಂಪು ವಿಮಾನ ಖಾಲಿ ಆಕಾಶಕ್ಕೆ ಗುಂಡು ಹಾರಿಸಿತು. ಇವರದು ಹೊಗೆಯುಗುಳುತ್ತಲೇ ಟೇಬಲ್ಲಿನ ನಮ್ಮ ಅಂಚು ಮುಟ್ಟಿತು. ಬಾಲದ ಹತ್ತಿ ಕಿತ್ತು ಜೇಬಿಗೆ ಹಾಕಿಕೊಂಡೆ.

ಮನೆಗೆ ಬರುವಾಗ ಕಾರಿನಲ್ಲಿ, "ಇನ್ನೊಂದ್ಸಲ ಹೇಳು," ಎಂದರು.

"ಏನು?"

"ಅದೇ."

"ರೋಡ್ ನೋಡ್ಬೇಕು ನಾನು, ಸುಮ್ನಿರಿ."

ಇಷ್ಟು ನೆನೆಯುತ್ತ ಹತ್ತಿ ಹಿಡಿದು ನಿಂತಿದ್ದೆ. ಇವರು ಎರಡು ಕಪ್ ಟೀ ಹಿಡಿದು ಅಡಿಗೆಮನೆಯಿಂದ ಬರುತ್ತಿದ್ದರು. ಎಡಕ್ಕೆ ಕಪಾಟಿನ ಬಾಗಿಲು ತೆರೆದೇ ಇತ್ತು, ನಾನೇ ಮರೆತದ್ದು.

"ವಾಸುದೇವ್, ಎಡಗಡೆ."

ಗಕ್ಕನೆ ನಿಂತರು. ಮೊಣಕೈಯಿಂದ ಬಾಗಿಲು ತಳ್ಳಿದರು. "ಥ್ಯಾಂಕ್ ಯೂ, ಮೇಡಮ್."

ದಿನಕ್ಕೆಷ್ಟು ಸಲ ಕರೆಯುತ್ತೇನೋ ಈಗ. ಆಯಸ್ಸು ಎಷ್ಟು ಸವೆಯಿತೋ ಅತ್ತೆಯವರೇ ಹೇಳಬೇಕು. ಟೀ ಮಾತ್ರ ತುಳುಕಲಿಲ್ಲ.