ಫಿರ್ದೌಸಳ ನೀಲಿ ಡ್ರೈವರ್

ಶಿರಸಿಯಿಂದ ಹುಬ್ಬಳ್ಳಿಗೆ ಹೋಗುವ ರಸ್ತೆಯಲ್ಲಿ, ಊರು ಇನ್ನೇನು ಮುಗಿಯಿತು ಅನ್ನುವಲ್ಲಿ, ಗನಿಯವರ ಟೈರ್ ಅಂಗಡಿಯಿದೆ. ಬೋರ್ಡಿನ ಮೇಲಿರುವುದು ಗನಿಯವರ ಹೆಸರು, ಆದರೆ ಅಂಗಡಿ ನಡೆಸುವವಳು ಅವರ ತಂಗಿ ಫಿರ್ದೌಸ್. ಬೆನ್ನು ಹಿಡಿದುಕೊಂಡ ಮೇಲೆ ಗನಿ ಕುರ್ಚಿಯಲ್ಲಿ ಕೂತು ಗಿರಾಕಿಗಳನ್ನು ಮಾತಾಡಿಸುತ್ತಾರೆ. ಲಾರಿಯ ಟೈರನ್ನು ಉರುಳಿಸಿ ತಂದು, ಮಲಗಿಸಿ, ಸರಳು ತೂರಿಸಿ ರಿಮ್ಮಿನಿಂದ ಬಿಡಿಸುವ ಕೆಲಸವೆಲ್ಲ ಅವಳದ್ದು. ಹೊಸಬರು ಮೊದಲು ಸ್ವಲ್ಪ ಹೊತ್ತು ನೋಡುತ್ತ ನಿಲ್ಲುತ್ತಾರೆ. ಆಮೇಲೆ ಚಹ ಕುಡಿಯಲು ಹೋಗುತ್ತಾರೆ.

ಕಾಲೇಜಿನಲ್ಲಿದ್ದಾಗ ಅವಳು ಚಕ್ರ ಎಸೆತದಲ್ಲಿ ಆಡುತ್ತಿದ್ದಳು. ವಿಶ್ವವಿದ್ಯಾಲಯದ ಕ್ರೀಡಾಕೂಟದಲ್ಲಿ ಒಮ್ಮೆ ಎರಡನೆಯವಳಾಗಿ ಬಂದಿದ್ದೂ ಉಂಟು. ತಂದೆ ತೀರಿಕೊಂಡರು, ಓದು ನಿಂತಿತು, ಯಲ್ಲಾಪುರದ ಮುಬೀನನ ಜೊತೆ ಮದುವೆಯಾಯಿತು. ಇದನ್ನು ಅವಳು ದುಃಖದ ಕತೆಯಾಗಿ ಯಾರಿಗೂ ಹೇಳಿದವಳಲ್ಲ. ಯಾರಾದರೂ ಕೇಳಿದರೆ, "ಆಗ ಒಗೀತಿದ್ದೆ, ಆಮೇಲೆ ಬಿಟ್ಟೆ," ಅನ್ನುತ್ತಿದ್ದಳು.

ಮುಬೀನ್ ಲಾರಿ ಡ್ರೈವರ್. ಅಂಕೋಲಾದಿಂದ ಹುಬ್ಬಳ್ಳಿ, ಬೆಳಗಾವಿ, ಒಮ್ಮೊಮ್ಮೆ ಪುಣೆಯವರೆಗೆ ಅವನ ಓಡಾಟ. ವಾರಕ್ಕೊಮ್ಮೆ ಮನೆಗೆ ಬಂದರೆ ಬಂದ. ಮಾತು ಕಡಿಮೆ. ಮಗಳು ಅರ್ಷಿಯಾ ಧಾರವಾಡದಲ್ಲಿ ನರ್ಸಿಂಗ್ ಓದುತ್ತಿದ್ದಾಳೆ.

ಫಿರ್ದೌಸಳ ಕೈಗೆ ಮತ್ತೆ ಎಸೆಯುವ ವಸ್ತು ಬಂದದ್ದು ಸಿದ್ದಾಪುರದ ಒಂದು ವೆಲ್ಡಿಂಗ್ ಶೆಡ್ಡಿನಲ್ಲಿ. ಟೈರ್ ಬಿಡಿಸುವ ಯಂತ್ರದ ಕಾಲು ಮುರಿದಿತ್ತು. ಅದನ್ನು ಸ್ಕೂಟರಿನ ಮೇಲೆ ಹಾಕಿಕೊಂಡು ಸಂಜಯನ ಶೆಡ್ಡಿಗೆ ಹೋದಳು. ಸಂಜಯ ಹತ್ತಿರದ ತ್ಯಾಗಲಿ ಎಂಬ ಹಳ್ಳಿಯ ರೈತ ಕೆರಿಯಪ್ಪನವರ ಮಗ. ಗೇಟು, ಕಿಟಕಿ ಸರಳು ಮಾಡಿಕೊಂಡಿದ್ದವನು. ಶೆಡ್ಡಿನ ಮೂಲೆಯಲ್ಲಿ ಎದೆಯೆತ್ತರದ ಕಬ್ಬಿಣದ ಕಂಬಗಳು ಸಾಲಾಗಿ ನಿಂತಿದ್ದವು. ಪ್ರತಿಯೊಂದರ ನಡುವೆ ಒಂದು ಬುಟ್ಟಿ, ಬುಟ್ಟಿಯ ಮೇಲೆ ಇಳಿಬಿಟ್ಟ ಸರಪಳಿಗಳು.

"ಇದೆಂಥದು, ಹೂವಿನ ಕುಂಡ ಇಡೂದಾ?" ಎಂದಳು.

"ಅಲ್ಲ ಅಕ್ಕ, ಆಟದ್ದು. ಡಿಸ್ಕ್ ಗಾಲ್ಫ್ ಅಂತಾರೆ. ದೂರದಿಂದ ಈ ಪ್ಲಾಸ್ಟಿಕ್ ತಟ್ಟೆ ಒಗೀಬೇಕು, ಬಿದ್ದಲ್ಲಿಂದ ಮತ್ತೆ ಒಗೀಬೇಕು. ಕೊನಿಗೆ ಸರಪಳಿಗೆ ತಾಗಿ ಬುಟ್ಟಿಗೆ ಬೀಳ್ಬೇಕು. ಯಾರು ಕಮ್ಮಿ ಸಲ ಒಗೆದು ಮುಗಿಸ್ತಾರೋ ಅವ್ರು ಗೆದ್ದಂಗೆ."

ಯಲ್ಲಾಪುರದ ಹತ್ತಿರ ರೆಸಾರ್ಟ್ ಕಟ್ಟುತ್ತೇವೆಂದು ಹೊರಟ ಇಬ್ಬರು ಪಾಲುದಾರರು ಈ ಬುಟ್ಟಿಗಳನ್ನು ಮಾಡಲು ಹೇಳಿ, ಅಳತೆ ನೋಡಲೆಂದು ಒಂದು ಪೆಟ್ಟಿಗೆ ತುಂಬ ಡಿಸ್ಕುಗಳನ್ನೂ ಬಿಟ್ಟುಹೋಗಿದ್ದರು. ಆಮೇಲೆ ಅವರಿಬ್ಬರಿಗೂ ಜಗಳವಾಗಿ ರೆಸಾರ್ಟು ಏಳಲೇ ಇಲ್ಲ. ಬುಟ್ಟಿ ಕೇಳಲು ಯಾರೂ ಬರಲಿಲ್ಲ. ಗುಜರಿಗೆ ಹಾಕಲು ಸಂಜಯನಿಗೆ ಮನಸ್ಸು ಬರಲಿಲ್ಲ. ಮಾಡಿದ ಕೆಲಸ ಚೆನ್ನಾಗಿತ್ತು.

ಫಿರ್ದೌಸ್ ಪೆಟ್ಟಿಗೆಯಿಂದ ಒಂದನ್ನೆತ್ತಿಕೊಂಡು ಶೆಡ್ಡಿನ ಹಿಂದಿನ ಬಯಲಿಗೆ ಹೋದಳು. ಹಳೆಯ ಅಭ್ಯಾಸದಂತೆ ಅಂಗೈ ಕೆಳಗೆ ಮಾಡಿ, ಮೈ ತಿರುಗಿಸಿ ಬಿಟ್ಟಳು. ಡಿಸ್ಕು ಗಾಳಿಯಲ್ಲಿ ಮಗುಚಿ ಅವಳೆದುರೇ ನೆಲಕ್ಕೆ ಕುಕ್ಕಿತು.

"ಹಾಂಗಲ್ಲ ಅಕ್ಕ," ಎಂದ ಸಂಜಯ. "ಅಂಚು ಹಿಡ್ಕಂಡು, ಎದೆ ಮುಂದಿಂದ ಅಡ್ಡಕ್ಕೆ ಎಳೀಬೇಕು. ನಾನೂ ಮೊಬೈಲಲ್ಲಿ ನೋಡೇ ಕಲ್ತಿದ್ದು."

ಅದೇ ಬೇಸಿಗೆಯಲ್ಲಿ ಸಂಜಯ ಬುಟ್ಟಿಗಳನ್ನು ತ್ಯಾಗಲಿಗೆ ಸಾಗಿಸಿ ಅಪ್ಪನ ಬ್ಯಾಣದಲ್ಲಿ, ಅಂದರೆ ಮನೆಯ ಹಿಂದಿನ ದನ ಮೇಯುವ ಹುಲ್ಲುಗುಡ್ಡದಲ್ಲಿ, ಅಲ್ಲಲ್ಲಿ ನೆಟ್ಟ. ಭಾನುವಾರ ಸಂಜೆ ನಾಲ್ಕಾರು ಜನ ಸೇರತೊಡಗಿದರು. ಅವರಲ್ಲಿ ಸಿದ್ದಾಪುರದ ಸೊಸೈಟಿಯೊಂದರಲ್ಲಿ ಕೆಲಸ ಮಾಡುವ ನಮಿತಾ ಇದ್ದಳು. ಆಟದ ನಿಯಮಗಳನ್ನು ಓದಿಕೊಂಡಿದ್ದವಳು ಅವಳೊಬ್ಬಳೇ. ಫಿರ್ದೌಸ್ ಸ್ಕೂಟರಿನಲ್ಲಿ ಶಿರಸಿಯಿಂದ ಬರುತ್ತಿದ್ದಳು.

ಪೆಟ್ಟಿಗೆಯಲ್ಲಿ ಒಂದು ಆಕಾಶನೀಲಿ ಡಿಸ್ಕಿತ್ತು. ಅಂಚು ಅಗಲ, ತುದಿ ಚೂಪು. ಬಹಳ ದೂರ ಹೋಗಲೆಂದೇ ಮಾಡಿದ ಇಂಥದ್ದಕ್ಕೆ ಡ್ರೈವರ್ ಎಂದು ಹೆಸರು ಎಂದು ನಮಿತಾ ಹೇಳಿದಳು.

"ಮನೇಲಿ ಒಬ್ಬ ಡ್ರೈವರ್ ಇದಾನೆ, ಸಾಕು," ಎಂದಳು ಫಿರ್ದೌಸ್. ಆದರೂ ಅದನ್ನೇ ಆರಿಸಿಕೊಂಡಳು.

ಅದು ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಯಾರೇ ಎಸೆಯಲಿ, ಸ್ವಲ್ಪ ದೂರ ಹೋಗಿ, ಯಾರೋ ಕಿವಿ ಹಿಡಿದು ಎಳೆದ ಹಾಗೆ ಎಡಕ್ಕೆ ವಾಲಿ ಬೀಳುತ್ತಿತ್ತು. ಬಹಳ ಬಲ ಹಾಕಿದರೆ ಮಾತ್ರ ಸ್ವಲ್ಪ ಹೊತ್ತು ನೆಟ್ಟಗೆ. ಉಳಿದವರು ಒಂದೆರಡು ವಾರ ನೋಡಿ ಬಿಟ್ಟರು. ಫಿರ್ದೌಸ್ ಬಿಡಲಿಲ್ಲ. ಎಡಗಡೆಯ ಕೌಳಿ ಮಟ್ಟಿಗಳೆಂಬ ಮುಳ್ಳುಪೊದೆಗಳೆಲ್ಲ ಅವಳಿಗೆ ಪರಿಚಯವಾದವು, ಮೊಣಕೈವರೆಗೆ ಮುಳ್ಳಿನ ಗೀರುಗಳು ಬಿದ್ದವು. ಒಂದು ದಿನ ಜೊತೆಗೆ ಬಂದಿದ್ದ ಮುಬೀನ್ ಕಲ್ಲಿನ ಮೇಲೆ ಕೂತು ನೋಡಿ, "ಒಗಿಯೋದು, ಹುಡುಕೋದು. ಇಷ್ಟೇನಾ ಆಟ?" ಎಂದ.

"ಇಷ್ಟೇ," ಎಂದಳು ಅವಳು.

ಮಳೆಗಾಲದ ಆರಂಭದಲ್ಲಿ ಒಮ್ಮೆ ಅದು ಹುಲ್ಲಿನಲ್ಲಿ ಕಳೆದೇ ಹೋಯಿತು. ಎಲ್ಲರೂ ಹುಡುಕಿ ಸೋತರು. ಎಷ್ಟೋ ದಿನದ ಮೇಲೆ ಫಿರ್ದೌಸ್ ನೀರು ಕೇಳಲು ಕೆರಿಯಪ್ಪನವರ ಮನೆಯ ಹಿತ್ತಿಲಿಗೆ ಹೋದಾಗ, ಕೋಳಿಗಳು ನೀಲಿ ತಟ್ಟೆಯಲ್ಲಿ ನೀರು ಕುಡಿಯುತ್ತಿದ್ದವು. ಸಂಜಯನ ತಾಯಿ ವೆಂಕಮ್ಮ ಹುಲ್ಲು ಕೊಯ್ಯುವಾಗ ಸಿಕ್ಕಿದ್ದನ್ನು ತಂದು ಮಗುಚಿ ಇಟ್ಟಿದ್ದರು.

"ನಿಂದಾ ತಂಗಿ ಇದು? ತಗಂಡು ಹೋಗು. ಅಂಚು ಇತ್ತಲ್ಲ, ನೀರು ಚೆಲ್ತಿರ್ಲಿಲ್ಲ, ಕೋಳಿಗೆ ಚಲೋ ಆಗಿತ್ತು," ಎಂದರು ವೆಂಕಮ್ಮ, ಕೊಡುವಾಗ ತುಸು ಬೇಜಾರಿನಲ್ಲೇ.

ಮುಂದಿನ ಭಾನುವಾರ ಫಿರ್ದೌಸ್ ಅವರಿಗೊಂದು ಸ್ಟೀಲ್ ತಟ್ಟೆ ತಂದುಕೊಟ್ಟಳು.

ಮೂರನೆಯ ವರ್ಷಕ್ಕೆ ಬಂದಾಗ ಡಿಸ್ಕು ಬೇರೆಯೇ ಆಗಿತ್ತು. ಚಿರೆಕಲ್ಲಿಗೆ, ಮರದ ಬೊಡ್ಡೆಗೆ ಬಡಿದು ಬಡಿದು ಅಂಚು ಒರಟಾಯಿತು, ಮೇಲಿದ್ದ ಕಂಪನಿಯ ಹೆಸರು ಅಳಿಸಿತು. ಅದರ ಹಟವೂ ಸವೆಯಿತು. ಈಗ ಕೈಬಿಟ್ಟೊಡನೆ ಮೆಲ್ಲನೆ ಬಲಕ್ಕೆ ಹೊರಳಿ, ತುಂಬ ದೂರ ಹಾಗೇ ತೇಲಿ, ಕೊನೆಯಲ್ಲಿ ಎಡಕ್ಕೆ ವಾಪಸು ಬಂದು ಕೂರುತ್ತಿತ್ತು. ಇದಕ್ಕೆ ದೊಡ್ಡ ಬಲ ಬೇಕಾಗಿರಲಿಲ್ಲ. ಅದೂ ಒಳ್ಳೆಯದಾಯಿತು, ಏಕೆಂದರೆ ಅಷ್ಟು ಹೊತ್ತಿಗೆ ಅವಳ ಬಲಭುಜ ನೋಯಲು ಶುರುವಾಗಿತ್ತು. ಆ ಡಿಸೆಂಬರಿನಲ್ಲಿ ಹುಬ್ಬಳ್ಳಿ, ಗೋವಾ ಕಡೆಯಿಂದಲೂ ಆಟಗಾರರು ಬಂದು ಸಣ್ಣದೊಂದು ಪಂದ್ಯ ನಡೆದಾಗ ಹೆಂಗಸರಲ್ಲಿ ಅವಳು ಗೆದ್ದಳು. ಬಹುಮಾನವಾಗಿ ಸಂಜಯನೇ ಬೆಸೆದ ಪುಟ್ಟ ಬುಟ್ಟಿ ಸಿಕ್ಕಿತು. ಅದೀಗ ಅಂಗಡಿಯಲ್ಲಿದೆ, ಗನಿ ಅದರಲ್ಲಿ ವಾಲ್ವಿನ ಮುಚ್ಚಳಗಳನ್ನು ಹಾಕುತ್ತಾರೆ.

ಮರುವರ್ಷ ಈದ್ ಮುಗಿದ ಮಾರನೆಯ ದಿನ ಯಲ್ಲಾಪುರದಲ್ಲಿ ಅತ್ತೆ ನೂರ್ಜಹಾನ್ ಅವರ ಮನೆಯಲ್ಲಿ ಊಟ ಮುಗಿಸಿ, ಎಲ್ಲರೂ ಗನಿಯವರಿಂದ ಕೇಳಿ ತಂದಿದ್ದ ಕಾರಿನಲ್ಲಿ ಮಾಗೋಡಿಗೆ ಹೋದರು. ಬೇಸಿಗೆ, ಜಲಪಾತ ಸಣ್ಣಗಾಗಿತ್ತು. ಅತ್ತೆ ಕಾರಿನಿಂದ ಇಳಿಯಲಿಲ್ಲ. ಹಿಂದಿನ ಭಾನುವಾರದಿಂದ ತಾಯಿಯ ಚೀಲದಲ್ಲೇ ಉಳಿದಿದ್ದ ನೀಲಿ ಡಿಸ್ಕನ್ನು ಅರ್ಷಿಯಾ ಹೊರತೆಗೆದಳು. ಕಾರು ನಿಲ್ಲಿಸಿದ ಬಯಲಿನಲ್ಲಿ ತಾಯಿ ಮಗಳು ಮೆಲ್ಲಗೆ ಎಸೆದು ಹಿಡಿಯುತ್ತ ಆಡಿದರು.

ಮುಬೀನ್ ನೋಡುತ್ತ ನಿಂತಿದ್ದ. ಇಷ್ಟು ವರ್ಷದಲ್ಲಿ ಅವನು ಅದನ್ನು ಮುಟ್ಟಿರಲಿಲ್ಲ.

"ನಂಗೂ ಒಂದ್ಸಲ ಕೊಡು," ಎಂದ.

ಅರ್ಷಿಯಾ ಕೊಟ್ಟಳು. ಕಣಿವೆ ಅವನ ಬಲಕ್ಕಿತ್ತು. ಅವನು ಎಸೆದದ್ದು ನೇರ ಮುಂದಕ್ಕೆ, ಹೆಂಡತಿಯ ಕಡೆಗೇ. ಆದರೆ ಸ್ಟೇರಿಂಗ್ ತಿರುಗಿಸಿದ ತೋಳು, ಬೇಕಾದ್ದಕ್ಕಿಂತ ಬಲ ಬಿತ್ತು, ಕಣಿವೆಯ ಗಾಳಿಯೂ ಅದೇ ಹೊತ್ತಿಗೆ ಎದ್ದಿತು. ಡಿಸ್ಕು ಮೇಲೆದ್ದು ಬಲಕ್ಕೆ ಹೊರಳಿತು. ಹೊರಳುತ್ತಲೇ ಹೋಗಿ ಕಂಬಿಬೇಲಿ ದಾಟಿತು.

ಫಿರ್ದೌಸ್ ಬೇಲಿಯವರೆಗೆ ಓಡಿದಳು. ಈಗ ಎಡಕ್ಕೆ ತಿರುಗುತ್ತದೆ, ಈಗ ತಿರುಗುತ್ತದೆ ಎಂದು ಕಾದಳು. ಅದು ಬೇಡ್ತಿ ನದಿಯ ಕಣಿವೆಯ ಮೇಲೆ ಬಹಳ ಹೊತ್ತು ತೇಲಿತು, ತೇಲುತ್ತ ಚಿಕ್ಕದಾಗಿ, ಕೆಳಗಿನ ಕಾಡಿನ ಹಸಿರಿನಲ್ಲಿ ಇಲ್ಲವಾಯಿತು. ಅವಳ ಕೈಯಿಂದ ಅದು ಎಂದೂ ಅಷ್ಟು ದೂರ ಹೋಗಿರಲಿಲ್ಲ.

"ಕೆಳಗೆ ಇಳಿಯೋಕೆ ದಾರಿ ಇದೆಯಾ?" ಮುಬೀನ್ ಅಲ್ಲಿದ್ದ ಕಾವಲುಗಾರನನ್ನು ಕೇಳಿದ.

"ಎಲ್ಲಿಂದ ಇಳೀತ್ರಿ? ಸುಮ್ನೆ ಹೋಗ್ರಿ."

ಮುಬೀನ್ ಹೆಂಡತಿಯ ಹತ್ತಿರ ಬಂದು ನಿಂತ. ಬೇಲಿಯ ಕಂಬಿ ಹಿಡಿದುಕೊಂಡ.

"ಗಾಳಿ ಇತ್ತು," ಎಂದಳು ಫಿರ್ದೌಸ್. "ನಡೀರಿ, ಅಮ್ಮಿ ಕಾಯ್ತಿದ್ದಾರೆ."

ಅವಳಿಗೆ ಸಿಟ್ಟು ಬಂದಿತ್ತು. ಒಂದು ಪ್ಲಾಸ್ಟಿಕ್ ತಟ್ಟೆಗಾಗಿ ಗಂಡನ ಮೇಲೆ ಸಿಟ್ಟಾದೆನಲ್ಲ ಎಂದು ನಾಚಿಕೆಯೂ ಆಗಿತ್ತು. ಅತ್ತೆಯನ್ನು ಯಲ್ಲಾಪುರದಲ್ಲಿ ಇಳಿಸಿ, ಶಿರಸಿ ಮುಟ್ಟುವವರೆಗೆ ಕಾರಿನಲ್ಲಿ ಅರ್ಷಿಯಾ ಒಬ್ಬಳೇ ಮಾತಾಡಿದಳು.

ಮುಬೀನ್ ಮುಂದಿನ ಸಲ ಪುಣೆಯಿಂದ ಬರುವಾಗ ನೀಲಿ ಬಣ್ಣದ್ದೇ ಒಂದು ಡಿಸ್ಕು ತಂದ. ಅದು ಮಕ್ಕಳು ಬೀಚಿನಲ್ಲಿ ಆಡುವಂಥದ್ದು. ಫಿರ್ದೌಸ್ ತಗೊಂಡು, ಚೆನ್ನಾಗಿದೆ ಎಂದು ಕಪಾಟಿನ ಮೇಲಿಟ್ಟಳು. ಇದು ಅಂಥದ್ದಲ್ಲ ಎಂದು ಅವಳ ದನಿಯಿಂದಲೇ ಅವನಿಗೆ ಗೊತ್ತಾಯಿತು. ನಮಿತಾಳಿಗೆ ಫೋನ್ ಮಾಡಿದ. ಅವಳು ಎಲ್ಲೆಲ್ಲೋ ವಿಚಾರಿಸಿ ಅದೇ ಕಂಪನಿಯ, ಅದೇ ತೂಕದ, ಅದೇ ಅಚ್ಚಿನ ಡಿಸ್ಕನ್ನು ತರಿಸಿಕೊಟ್ಟಳು. ಬಣ್ಣ ಮಾತ್ರ ಹಳದಿ.

ತ್ಯಾಗಲಿಯಲ್ಲಿ ಫಿರ್ದೌಸ್ ಅದನ್ನೆಸೆದಳು. ಎಡಕ್ಕೆ ವಾಲಿ ಕೌಳಿ ಮಟ್ಟಿಗೆ ಹೋಯಿತು. ಮತ್ತೆ ಎಸೆದಳು, ಮತ್ತೆ ಅಲ್ಲಿಗೇ. ಭುಜ ಚುರುಗುಟ್ಟಿತು.

"ಇದು ಅದಲ್ಲ," ಎಂದಳು.

"ಅದೇಯ. ಹೊಸದು ಅಷ್ಟೆ," ಎಂದಳು ನಮಿತಾ. "ಅದೂ ಮೊದ್ಲು ಹೀಂಗೇ ಇತ್ತಲೆ. ಮೂರು ವರ್ಷ ಒಗೀರಿ, ಸರಿ ಆಗ್ತು."

"ಮೂರು ವರ್ಷ ಈ ಭುಜ ಇರಬೇಕಲ್ಲ."

"ಮರಳು ಕಾಗದ ಹಾಕಿ ತಿಕ್ಕಿದ್ರೆ?" ಎಂದ ಸಂಜಯ. "ಗ್ರೈಂಡರ್ ಇದೆ ನನ್ನತ್ರ."

"ಇಲ್ಲೆ, ನಿಯಮದಲ್ಲಿ ತಿಕ್ಕುವಂಗಿಲ್ಲೆ. ಆಡಿ ಆಡಿಯೇ ಸವೀಬೇಕು," ಎಂದಳು ನಮಿತಾ.

ಫಿರ್ದೌಸ್ ಹಳದಿ ಡಿಸ್ಕನ್ನು ಮನೆಗೆ ತಂದು ಕಪಾಟಿನ ಮೇಲೆ, ಬೀಚಿನ ಡಿಸ್ಕಿನ ಪಕ್ಕದಲ್ಲಿಟ್ಟಳು. ಆಮೇಲೆ ಸುಮಾರು ಭಾನುವಾರಗಳು ಅವಳು ತ್ಯಾಗಲಿಗೆ ಹೋಗಲಿಲ್ಲ. ಅಂಗಡಿಯಲ್ಲಿ ಕೆಲಸ ಇದೆ ಎಂದಳು. ಕೆಲಸ ಇದ್ದೇ ಇತ್ತು. ಕಪಾಟಿನ ಮೇಲಿಂದ ಹಳದಿ ಡಿಸ್ಕು ಯಾವಾಗ ಹೋಯಿತೋ ಅವಳು ಗಮನಿಸಲಿಲ್ಲ.

ದಸರೆ ಕಳೆದ ಮೇಲೆ ಮುಬೀನ್ ಒಂದು ದಿನ ಬೆಳಿಗ್ಗೆ ಬಂದವನು, ನಾಷ್ಟಾ ಮಾಡುತ್ತಿದ್ದ ಅವಳ ಎದುರಿಗೆ ಅದನ್ನು ಇಟ್ಟ. ಮೈತುಂಬ ಗೀರು, ಅಂಚಿನಲ್ಲಿ ತಗ್ಗು, ಹಳದಿ ಬಣ್ಣ ಮಣ್ಣಿನ ಬಣ್ಣವಾಗಿತ್ತು.

"ಇದೇನಿದು?"

"ಸವೆಸಿ ತಂದೆ."

"ಲಾರಿ ಹತ್ತಿಸಿದ್ರಾ?"

"ಇಲ್ಲ, ಇಲ್ಲ. ಆಡಿಯೇ ಸವೀಬೇಕಂತೆ, ನಮಿತಾ ಮೇಡಮ್ ಫೋನಲ್ಲಿ ಹೇಳಿದ್ರು. ಲೋಡ್ ಆಗೋ ತನಕ ನಂಗೇನು ಕೆಲಸ? ಯಾರ್ಡಿನಲ್ಲಿ ಒಗೀತಿದ್ದೆ. ಬೆಳಗಾವಿಯಲ್ಲಿ ದೊಡ್ಡ ಗೋಡೆ ಇದೆ, ಅಲ್ಲಿ ಚೆನ್ನಾಗಿ ಸವೀತು."

ಉಳಿದ ಡ್ರೈವರುಗಳು ಮೊದಲು ನಕ್ಕರಂತೆ. ಆಮೇಲೆ ಅವರೂ ಎಸೆದರಂತೆ. ಒಬ್ಬರು ಇದನ್ನು ಯಾವುದೋ ಹರಕೆ ಎಂದುಕೊಂಡಿದ್ದರಂತೆ. ಮುಬೀನ್ ಒಂದೇ ಸಲಕ್ಕೆ ಅಷ್ಟು ಮಾತಾಡಿದ್ದನ್ನು ಅವಳು ಕೇಳಿ ಬಹಳ ಕಾಲವಾಗಿತ್ತು. ಅವಳು ಡಿಸ್ಕನ್ನು ತಿರುಗಿಸಿ ತಿರುಗಿಸಿ ನೋಡಿದಳು. ಮಾಗೋಡಿನಿಂದ ಇಲ್ಲಿಯವರೆಗೆ ಎದೆಯಲ್ಲಿ ಉಳಿದಿದ್ದ ಸಿಟ್ಟು ಆಗ ಹೋಯಿತು. ಅದು ಹೋದಾಗಲೇ, ಇಷ್ಟು ದಿನ ಇತ್ತಲ್ಲ ಎಂದು ತಿಳಿದದ್ದು.

ಭಾನುವಾರ ಇಬ್ಬರೂ ತ್ಯಾಗಲಿಗೆ ಹೋದರು. ಫಿರ್ದೌಸ್ ಕಾಲೂರಿ ನಿಂತು ಎಸೆದಳು. ಡಿಸ್ಕು ನಡುಗುತ್ತ ಹೋಗಿ, ಮುಂಚಿನಷ್ಟಲ್ಲದಿದ್ದರೂ ಎಡಕ್ಕೇ ವಾಲಿ ಬಿತ್ತು. ಸಿಮೆಂಟಿಗೆ ಬಡಿದು ಒಂದು ಕಡೆ ಜಾಸ್ತಿ ಪೆಟ್ಟಾಗಿತ್ತು. ಮತ್ತೆರಡು ಸಲ ಎಸೆದು ನೋಡಿದಳು.

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಆಗಲ್ಲ ರೀ. ಇದು ನನ್ನ ಕೈಗೆ ಬರಲ್ಲ."

ಮುಬೀನ್ ತಲೆಯಾಡಿಸಿದ. ಹೋಗಿ ಡಿಸ್ಕನ್ನು ಎತ್ತಿಕೊಂಡ. ಅಲ್ಲಿಂದಲೇ ಬುಟ್ಟಿಯ ಕಡೆಗೆ ತಿರುಗಿ, ಓಡದೆ, ಮೈ ತಿರುಗಿಸದೆ, ನಿಂತಲ್ಲಿಂದ ಎಸೆದ. ನಡುಗುತ್ತಲೇ ಹೊರಟ ಡಿಸ್ಕು ಸ್ವಲ್ಪ ದೂರದಲ್ಲಿ ಸಮವಾಗಿ, ನೆಟ್ಟಗೆ ಹೋಗಿ, ಬುಟ್ಟಿಗೆ ಹತ್ತು ಹೆಜ್ಜೆ ಇರುವಾಗ ಎಡಕ್ಕೆ ಒರಗಿ ಹುಲ್ಲಿನಲ್ಲಿ ಕೂತಿತು.

ಸಂಜಯ ಮುಬೀನನ ಮುಖ ನೋಡಿದ. "ಎಲ್ಲಿ ಕಲ್ತ್ರಿ?"

"ಯಾರ್ಡಿನಲ್ಲಿ," ಎಂದ ಮುಬೀನ್. ತಾನೇ ಎಸೆದದ್ದೆಂದು ಅವನಿಗೂ ಪೂರ್ತಿ ನಂಬಿಕೆ ಬಂದಿರಲಿಲ್ಲ.

ಆ ಚಳಿಗಾಲದ ಪಂದ್ಯದಲ್ಲಿ ಫಿರ್ದೌಸ್ ನಮಿತಾ ಕೊಟ್ಟ ಬೇರೊಂದು ಡಿಸ್ಕಿನಿಂದ ಆಡಿದಳು. ಅಂಚು ಮೊಂಡು, ಹೆಚ್ಚು ದೂರ ಹೋಗುವುದಿಲ್ಲ, ಆದರೆ ಭುಜಕ್ಕೆ ನೋವು ಕೊಡುವುದಿಲ್ಲ. ಹೆಂಗಸರಲ್ಲಿ ನಾಲ್ಕನೆಯವಳಾದಳು. ಮುಬೀನ್ ಗಂಡಸರಲ್ಲಿ ಕೊನೆಯವನು. ಹಳದಿ ಡಿಸ್ಕಿನಿಂದ ದೂರ ಎಸೆಯಲು ಅವನಿಗೆ ಬಂದಿತ್ತು, ಹತ್ತಿರದಿಂದ ಬುಟ್ಟಿಗೆ ಹಾಕಲು ಬಂದಿರಲಿಲ್ಲ. ಅದನ್ನು ಬೇರೆಯೇ ಕಲಿಯಬೇಕು ಎಂದು ಫಿರ್ದೌಸ್ ಹೇಳಿಕೊಡುತ್ತಿದ್ದಾಳೆ.

ಲಾರಿ ಶಿರಸಿಯಲ್ಲಿ ನಿಂತ ಭಾನುವಾರಗಳಲ್ಲಿ ಈಗ ಸ್ಕೂಟರಿನಲ್ಲಿ ಇಬ್ಬರೂ ಹೋಗುತ್ತಾರೆ. ಓಡಿಸುವವಳು ಫಿರ್ದೌಸ್. ಹಿಂದೆ ಕೂತ ಮುಬೀನ್ ಡಿಸ್ಕುಗಳ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ತಿರುವು ಬಂದಾಗಲೆಲ್ಲ, "ಹಾರ್ನ್ ಹಾಕು," ಅನ್ನುತ್ತಿರುತ್ತಾನೆ.