ಲಿಗೋರಿ ಪೊರ್ಬುಗಳ ಪೆಟ್ಟಿಗೆ

ಇಂಥ ಕಥೆಗಳನ್ನು ಯಾರಾದರೂ ಹೇಳಲು ಶುರು ಮಾಡಿದರೆ ನಾನು ನಗುತ್ತಿದ್ದೆ. ಸುಮ್ಮನೆ ನಕ್ಕು ಬಿಡುತ್ತಿರಲಿಲ್ಲ, ಪ್ರಶ್ನೆ ಕೇಳಿ ಕೇಳಿ ಹೇಳುವವರ ಉತ್ಸಾಹವನ್ನೇ ಕೊಲ್ಲುತ್ತಿದ್ದೆ. ದೆವ್ವ ಕಂಡಿತೇ? ಬೆಳಕು ಯಾವ ಕಡೆಯಿಂದ ಬೀಳುತ್ತಿತ್ತು? ಹೆಜ್ಜೆ ಸದ್ದು ಕೇಳಿತೇ? ಅಡಿಗೆ ಮನೆಯ ನಲ್ಲಿ ಸರಿಯಾಗಿ ಮುಚ್ಚಿತ್ತೇ? ಮಣಿಪಾಲದ ಹತ್ತಿರದ ಕಾಲೇಜೊಂದರಲ್ಲಿ ಬಹಳ ವರ್ಷಗಳಿಂದ ಭೌತಶಾಸ್ತ್ರ ಕಲಿಸುತ್ತಿರುವವಳು ನಾನು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ನನಗಾಗಿಯೇ ಹುಟ್ಟಿದ್ದೆಂದು ನಂಬಿದ್ದೆ. "ನಿನ್ನ ಹತ್ತಿರ ಹೇಳುವುದಕ್ಕಿಂತ ಗೋಡೆಯ ಹತ್ತಿರ ಹೇಳುವುದು ವಾಸಿ" ಎಂದು ನನ್ನ ಅತ್ತಿಗೆ ಒಮ್ಮೆ ಎದ್ದೇ ಹೋಗಿದ್ದಳು. ಈಗ ನಾನೇ ಒಂದನ್ನು ಹೇಳಲು ಕೂತಿದ್ದೇನೆ. ನಗುವವರು ನಗಲಿ, ಆ ನಗೆಯ ಪರಿಚಯ ನನಗೆ ಚೆನ್ನಾಗಿಯೇ ಇದೆ.

ಕೆಲವು ವರ್ಷಗಳ ಹಿಂದೆ ನಾವು ಬೆಳ್ಮಣ್‌ನಲ್ಲಿ ಒಂದು ಹಳೆಯ ಮನೆ ಕೊಂಡೆವು. ಅದನ್ನು ಕಟ್ಟಿಸಿದವರು ಲಿಗೋರಿ ಪೊರ್ಬುಗಳು; ಕ್ರೈಸ್ತ ಹಿರಿಯರನ್ನು ನಮ್ಮ ಕಡೆ ಪೊರ್ಬುಗಳು ಎಂದೇ ಕರೆಯುವುದು. ಹಡಗುಗಳಲ್ಲಿ ಎಲೆಕ್ಟ್ರಿಷಿಯನ್ ಆಗಿ ದೇಶದೇಶ ಸುತ್ತಿ, ಕೊನೆಗೆ ಊರಿಗೆ ಬಂದು ನೆಲೆಸಿ, ಇಲ್ಲಿಯೇ ತೀರಿಕೊಂಡವರು. ಮಕ್ಕಳಿರಲಿಲ್ಲ. ನಮಗೆ ಮನೆ ಮಾರಿದ್ದು ಕಾಪುವಿನಲ್ಲಿರುವ ಅವರ ತಂಗಿಯ ಮಗ. ಮಂಚ, ಮೇಜು, ಕಪಾಟು ಎಲ್ಲವನ್ನೂ ಅವನು ಸಾಗಿಸಿದ್ದ. ಅಡಿಗೆ ಮನೆಯ ಗೋಡೆಯಲ್ಲಿ ಒಂದು ಪೆಟ್ಟಿಗೆ ಮಾತ್ರ ಉಳಿದಿತ್ತು.

ತೇಗದ ಪೆಟ್ಟಿಗೆ, ಹಿತ್ತಾಳೆಯ ಸ್ಕ್ರೂ. ಮುಂದುಗಡೆ ಗಾಜು, ಅದರ ಹಿಂದೆ ಒಂದು ಬಿಳಿ ಬಿಲ್ಲೆ. ನೆತ್ತಿಯ ಮೇಲೆ ಚಿಪ್ಪು ಕವುಚಿಟ್ಟ ಹಾಗೆ ಹಿತ್ತಾಳೆಯ ಒಂದು ಬಟ್ಟಲು. ಬಟ್ಟೆ ಸುತ್ತಿದ ಎರಡು ತಂತಿಗಳು ಪೆಟ್ಟಿಗೆಯಿಂದ ಹೊರಟು, ಹಿಂಬದಿಯ ಗೋಡೆಯ ಪಿಂಗಾಣಿ ಕೊಳವೆಯಲ್ಲಿ ತೂರಿ ಹೊರಗೆ ಹೋಗಿ, ಅಲ್ಲಿ ತುಂಡಾಗಿ ಗಾಳಿಯಲ್ಲಿ ನಿಂತಿದ್ದವು. ಪೆಟ್ಟಿಗೆಯ ಕೆಳಗಿನ ಹಲಗೆಯ ಮೇಲೆ ಚೌಕಾಕಾರದ ಗಾಜಿನ ಜಾಡಿಗಳು.

ಇದೆಂತದು ಎಂದು ಕೇಳಿದರೆ ಬಾಯಿಗೊಂದು ಮಾತು. ಬಣ್ಣ ಹೊಡೆಯುವವರು ಹಳೆಯ ಕಾಲದ ಮೀಟರ್ ಎಂದರು. ಕಾರ್ಕಳದಿಂದ ಬಂದ ವಯರಿಂಗ್‌ನವನು ಫೋನ್ ಇರಬೇಕು ಎಂದ. ಗುಜರಿಯವನು ಹಿತ್ತಾಳೆಯ ಮೇಲೆಯೇ ಕಣ್ಣಿಟ್ಟ. ಕಾಪುವಿಗೆ ಫೋನ್ ಮಾಡಿ ಕೇಳಿದೆ. "ಮಾವ ಒಮ್ಮೊಮ್ಮೆ ಅದರ ಎದುರು ಕುರ್ಚಿ ಹಾಕಿ ಕೂತ್ಕೊಳ್ತಿದ್ರು ಮೇಡಂ. ಎಂತಕ್ಕೆ ಅಂತ ಕೇಳಿದ್ರೆ ಬೈತಿದ್ರು" ಎಂದ ಆ ಪುಣ್ಯಾತ್ಮ. ಪಕ್ಕದ ಮನೆಯ ಸೆವ್ರಿನ್ ಬಾಯಮ್ಮನಿಗೆ ಗೊತ್ತಿರಬಹುದು ಎಂದು ಎಲ್ಲರೂ ಹೇಳಿದರು. ಆದರೆ ಆ ಮುದುಕಿ ಮಗಳ ಬಾಣಂತನಕ್ಕೆ ಮುಂಬೈಗೆ ಹೋಗಿದ್ದರು. ಸರಿ, ಯಾರ ಹಂಗೂ ಬೇಡ, ನಾನೇ ಕಂಡುಹಿಡಿಯುತ್ತೇನೆ ಎಂದು ಹಟಕ್ಕೆ ಬಿದ್ದೆ.

ನಮ್ಮ ಮನೆಯವರಿಗೆ ಪೆಟ್ಟಿಗೆಗಿಂತ ಜಾಡಿಗಳ ಮೇಲೆ ಆಸೆ. "ಇಷ್ಟು ಒಳ್ಳೆ ಜಾಡಿ ಉಂಟು, ಮಿಡಿ ಉಪ್ಪಿನಕಾಯಿ ಹಾಕುವುದಲ್ವಾ ಮಾರಾಯ್ತಿ" ಎಂದು ಒಂದೇ ಸಮನೆ ಪೀಡಿಸಿದರು. ತೊಳೆಯಲು ಕೂತೆ. ತಳದಲ್ಲಿದ್ದ ಬಿಳಿಯ ಕರೆ ಏನು ಮಾಡಿದರೂ ಬಿಡಲಿಲ್ಲ. ಇವರ ಎಲೆಯಡಿಕೆ ತಟ್ಟೆಯಿಂದ ಸುಣ್ಣ ತೆಗೆದು ತಿಕ್ಕಿದೆ. ಘಾಟು ಮೂಗಿಗೆ ಹೊಡೆಯಿತು ನೋಡಿ, ಕಣ್ಣಲ್ಲಿ ನೀರು! ಸುಣ್ಣಕ್ಕೆ ಅಮೋನಿಯ ಬಿಡುವ ಉಪ್ಪು ಎಂದರೆ ನವಸಾಗರ. ನವಸಾಗರವಿದ್ದ ಗಾಜಿನ ಜಾಡಿ ಎಂದರೆ ಬ್ಯಾಟರಿ, ಅಜ್ಜನ ಕಾಲದ ಹಸಿ ಬ್ಯಾಟರಿ. ಅದರಿಂದ ನಡೆಯುತ್ತಿದ್ದದ್ದು ಮುಖ್ಯವಾಗಿ ಕರೆಗಂಟೆ. ಒದ್ದೆ ಕೈಯಲ್ಲೇ ಎದ್ದು ಪೆಟ್ಟಿಗೆಯ ಗಾಜು ಬಿಚ್ಚಿದೆ. ಒಳಗೆ ತಂತಿಯ ಸುರುಳಿ, ಸಣ್ಣ ಸುತ್ತಿಗೆ. ಇವರ ಟಾರ್ಚಿನ ಸೆಲ್ಲುಗಳನ್ನು ಕಿತ್ತು ತಂದು ತಂತಿಗಳಿಗೆ ಮುಟ್ಟಿಸಿದೆ. ಬಿಳಿ ಬಿಲ್ಲೆ ಟಪ್ಪನೆ ಬಿದ್ದು ಅದರ ಹಿಂದಿನ ಕೆಂಪು ಕಾಣಿಸಿತು, ಗಂಟೆ ಕಿರ್ರೆಂದು ಬಾರಿಸಿತು.

ಅಡಿಗೆ ಮನೆಯಲ್ಲಿ ಕುಣಿದೆ ಎಂದು ಇವರು ಈಗಲೂ ಹೇಳುತ್ತಾರೆ. ಕುಣಿದದ್ದು ನಿಜ. ಊರಿಗೇ ತಿಳಿಯದಿದ್ದದ್ದನ್ನು ಒಂದು ಚಿಟಿಕೆ ಸುಣ್ಣದಲ್ಲಿ ಕಂಡುಹಿಡಿದವಳು ಕುಣಿಯದೆ ಇರುತ್ತಾಳೆಯೇ? ಆದರೆ ಇವರು ತಣ್ಣಗೆ ಕೇಳಿದರು, "ಗಂಟೆ ಸರಿ. ಕರೆಯುವುದು ಯಾರು?" ಅಲ್ಲಿಗೆ ನನ್ನ ಕುಣಿತ ನಿಂತಿತು. ತಂತಿ ಹೋಗುವುದು ಗೇಟಿನ ಕಡೆಗಲ್ಲ, ಹಿತ್ತಿಲಿಗೆ. ಹಿತ್ತಿಲಲ್ಲಿ ಇದ್ದದ್ದು ಬಟ್ಟೆ ಒಗೆಯುವ ಕಲ್ಲು, ಬಾವಿ, ತೆಂಗಿನ ಮರಗಳು. ಎಷ್ಟು ಹುಡುಕಿದರೂ ಒತ್ತುವ ಗುಂಡಿ ಸಿಗಲಿಲ್ಲ. ಸೆಲ್ಲುಗಳು ಮರಳಿ ಟಾರ್ಚಿಗೆ ಹೋದವು. ಬಿಲ್ಲೆಯನ್ನು ಎತ್ತಿ ಸಿಕ್ಕಿಸಿ ಗಾಜು ಮುಚ್ಚಿದೆ.

ಮೇ ತಿಂಗಳಲ್ಲಿ ಬಾವಿ ಶುಚಿ ಮಾಡಿಸುವುದು ನಮ್ಮ ಕಡೆಯ ಕ್ರಮ. ನೀರು ಆರುವುದಕ್ಕೂ ಮಳೆ ಹಿಡಿಯುವುದಕ್ಕೂ ನಡುವೆ ಸಿಗುವ ಕೆಲವೇ ದಿನಗಳಲ್ಲಿ ಕೆಸರು ಎತ್ತಿಬಿಡಬೇಕು. ಆ ವರ್ಷ ಕೆಲಸಕ್ಕೆ ಬಂದವರು ಬಾಗಲಕೋಟೆ ಕಡೆಯ ಹನುಮಂತಪ್ಪ ಮತ್ತು ಅವನ ಹೆಂಡತಿ ಯಲ್ಲವ್ವ. ಅವರನ್ನು ಕರೆತಂದವರು ಬಾವಿ ಕೆಲಸದ ಸಂಜೀವಣ್ಣ. ಬೆಳಿಗ್ಗೆಯಿಂದ ಕರೆಂಟು ಇರಲಿಲ್ಲ. ನಮ್ಮ ಬಾವಿ ಆಳ, ದಡದಲ್ಲಿಟ್ಟ ಪಂಪು ಅಷ್ಟು ಕೆಳಗಿನ ನೀರನ್ನು ಹೀರುವುದಿಲ್ಲ. ಹಾಗಾಗಿ ಇಲ್ಲಿ ಹಲವರು ಮಾಡುವುದನ್ನೇ ಸಂಜೀವಣ್ಣನೂ ಮಾಡಿದರು. ಪೆಟ್ರೋಲ್ ಪಂಪನ್ನು ಹಗ್ಗ ಕಟ್ಟಿ ಬಾವಿಯೊಳಗೇ ಇಳಿಸಿ, ಅರ್ಧದಲ್ಲಿರುವ ಕಲ್ಲಿನ ಮೆಟ್ಟಿನ ಮೇಲೆ ಕೂರಿಸಿದರು. ನಾನಾಗ ಕಾಲೇಜಿನಲ್ಲಿ ಪರೀಕ್ಷೆಯ ಕೆಲಸದಲ್ಲಿದ್ದೆ. ಮಧ್ಯಾಹ್ನ ಮನೆಗೆ ಬರುವಾಗ ಪಂಪಿನ ಸದ್ದು ಕೇಳಿಸಿತು, ಅದು ದಡದಲ್ಲಿದೆ ಎಂದೇ ತಿಳಿದೆ. ಸಂಜೀವಣ್ಣ ಪೈಪಿನ ಜೋಡಣೆ ತರಲು ಇವರ ಜೊತೆ ಕಾರ್ಕಳಕ್ಕೆ ಹೋಗಿದ್ದರು. ಯಲ್ಲವ್ವ ಎತ್ತಿದ ಕೆಸರನ್ನು ಹೊತ್ತು ಹಿತ್ತಿಲ ತುದಿಯ ತೆಂಗಿನ ಬುಡಗಳಿಗೆ ಹಾಕುತ್ತಿದ್ದಳು.

ನಾನು ಅಡಿಗೆ ಮನೆಯಲ್ಲಿ ಮಜ್ಜಿಗೆ ಬೆರೆಸುತ್ತಿದ್ದೆ. ಬೆನ್ನ ಹಿಂದೆ ಟಪ್ಪೆಂದಿತು. ಮರುಕ್ಷಣ ಗಂಟೆ.

ತಿರುಗಿ ನೋಡಿದೆ. ಬಿಲ್ಲೆ ಬಿದ್ದು ಕೆಂಪು ಕಾಣುತ್ತಿತ್ತು. ಗಂಟೆ ಬಾರಿಸುತ್ತಲೇ ಇತ್ತು, ಟಾರ್ಚಿನ ಸೆಲ್ಲಿಗೆ ಕಿರ್ರೆಂದಷ್ಟು ಮೆಲ್ಲಗಲ್ಲ, ಜೋರಾಗಿ. ಮೊದಲು ನನಗೆ ಆದದ್ದು ಖುಷಿ. ಇದನ್ನು ಯಾಕೆ ಮುಚ್ಚಿಡಲಿ? ನನ್ನ ಪೆಟ್ಟಿಗೆ ಕೆಲಸ ಮಾಡುತ್ತಿದೆ ಎಂದು ಹಿಗ್ಗಿದೆ. ಆಮೇಲೆ ಹಲಗೆಯ ಮೇಲಿನ ಜಾಡಿಗಳನ್ನು ನೋಡಿದೆ, ಎಲ್ಲವೂ ಬರಿದು. ಹೊರಗಿನ ತಂತಿ ತುಂಡು. ಊರಿಗೇ ಕರೆಂಟಿಲ್ಲ.

ಹೆದರಿದೆನೇ? ಹೆದರಿದೆ. ಆದರೆ ಅಭ್ಯಾಸ ಬಿಡುತ್ತದೆಯೇ, ತಂತಿಗೆ ಎಲ್ಲಿಯೋ ಏನೋ ತಾಗಿರಬೇಕು ಎಂದು ಹಿಂಬಾಗಿಲಿನಿಂದ ಹೊರಗೋಡಿದೆ. ತಂತಿಯ ತುದಿಗಳು ಮೊದಲಿನ ಹಾಗೇ ಗಾಳಿಯಲ್ಲಿದ್ದವು. ಒಳಗೆ ಗಂಟೆ ನಿಂತಿರಲಿಲ್ಲ. ಆಗ ಬೇಲಿಯಾಚೆಯಿಂದ ಬಿಳಿಕೂದಲಿನ ಮುದುಕಿಯೊಬ್ಬರು ಸೆರಗು ಜಾರುತ್ತಿದ್ದರೂ ಲೆಕ್ಕಿಸದೆ ಓಡಿಬಂದರು. ಹಿಂದಿನ ಸಂಜೆಯಷ್ಟೇ ಮುಂಬೈಯಿಂದ ಮರಳಿದ ಸೆವ್ರಿನ್ ಬಾಯಮ್ಮ. ನನ್ನ ಮುಖವನ್ನು ಅವರು ಅಂದಿನವರೆಗೆ ಕಂಡೇ ಇರಲಿಲ್ಲ. ಹೆಸರು ಕೇಳಲಿಲ್ಲ, ನಮಸ್ಕಾರವೂ ಇಲ್ಲ.

"ಬಾವಿಯಲ್ಲಿ ಯಾರುಂಟು?" ಎಂದು ಕೂಗಿದರು. "ಲಿಗೋರಿಯ ಗಂಟೆ ಬಾರಿಸ್ತಾ ಉಂಟಲ್ಲ! ಬಾವಿಯಲ್ಲಿ ಯಾರುಂಟು?"

ತಂತಿ ಹಿತ್ತಿಲಿಗೆ ಹೋದದ್ದು ಯಾಕೆಂದು ನನಗೆ ಒಂದೇ ಕ್ಷಣದಲ್ಲಿ ತಿಳಿಯಿತು. ಬಾವಿಕಟ್ಟೆಗೆ ಹೋಗಿ ಬಗ್ಗಿದರೆ, ಅರ್ಧದಲ್ಲಿ ಪಂಪು ಹೊಗೆ ಕಕ್ಕುತ್ತಾ ಓಡುತ್ತಿದೆ. ಅದರ ಕೆಳಗೆ ಕೆಸರಿನಲ್ಲಿ ಹನುಮಂತಪ್ಪ ಗೋಡೆಗೊರಗಿ ಕೂತಿದ್ದಾನೆ, ತಲೆ ಎದೆಯ ಮೇಲೆ ಬಿದ್ದಿದೆ. ನನ್ನ ಕೂಗಿಗೆ ಯಲ್ಲವ್ವ ಬುಟ್ಟಿ ಬಿಸುಟು ಓಡಿಬಂದಳು. "ಯವ್ವಾ, ನಮ್ಮ ಮನಿಯಾಂವ ಮಾತಾಡವಲ್ಲ ನೋಡ್ರಿ ಅಕ್ಕಾರ!" ಎನ್ನುತ್ತಾ ಕಟ್ಟೆ ಹತ್ತಿ ಇಳಿಯಲು ಕಾಲು ಹಾಕಿಯೇಬಿಟ್ಟಳು. ಅವಳ ಸೀರೆ, ಜಡೆ ಕೈಗೆ ಸಿಕ್ಕಿದ್ದನ್ನೆಲ್ಲ ಹಿಡಿದು ಹಿಂದಕ್ಕೆಳೆದೆ. ಇಳಿದಿದ್ದರೆ ಒಂದಲ್ಲ, ಎರಡು ಹೆಣ. ಅಂಥ ಹೊಗೆಗೆ ಇಳಿದವನೂ ಅವನನ್ನು ಎತ್ತಲು ಇಳಿದವನೂ ಒಟ್ಟಿಗೇ ಹೋಗುತ್ತಾರೆ.

ಅವನ ಜೀವ ಉಳಿಸಿದ್ದು ಯಲ್ಲವ್ವನದೇ ಒಂದು ಹಟ. ಗಂಡ ಬಾವಿಗೆ ಇಳಿಯುವ ಮೊದಲು ಅವನ ಕಂಕುಳಡಿ ಹಗ್ಗ ಸುತ್ತಿ ತಾನೇ ಗಂಟು ಹಾಕುತ್ತಿದ್ದಳು. ಬೇರೆಯವರ ಗಂಟನ್ನು ನಂಬುತ್ತಿರಲಿಲ್ಲ. ಆ ಹಗ್ಗ ರಾಟೆಯ ಮೇಲಿಂದ ಬಂದು ತೆಂಗಿನ ಮರಕ್ಕೆ ಕಟ್ಟಿತ್ತು. ಮೂವರೂ ಹಿಡಿದು ಎಳೆದೆವು. ಬಾಯಮ್ಮ "ಜೆಜು, ಮರಿಯೆ" ಎಂದು ಎಳೆದರು, ಯಲ್ಲವ್ವ ದುರುಗವ್ವನನ್ನು ಕರೆದು ಎಳೆದಳು. ನಾನು ಯಾರನ್ನೂ ಕರೆಯಲಿಲ್ಲ, ಸಂಜೀವಣ್ಣನನ್ನು ಬಾಯಿಗೆ ಬಂದ ಹಾಗೆ ಬೈಯುತ್ತಾ ಎಳೆದೆ. ಅಂಗೈಯ ಸಿಪ್ಪೆ ಸುಲಿದದ್ದು ಆಮೇಲೆ ತಿಳಿಯಿತು. ಅವನ ತಲೆ ಕಟ್ಟೆಯ ಮೇಲೆ ಕಂಡಾಗ, ಇಂಜಿನಿನ ವಿಷದ ಹೊಗೆ ಕುಡಿದವರಿಗೆ ಆಗುವಂತೆ ತುಟಿ ಕೆಂಪಗಿತ್ತು, ಉಸಿರು ಇತ್ತೋ ಇಲ್ಲವೋ ಎಂಬಷ್ಟಿತ್ತು. ಅಷ್ಟು ಹೊತ್ತಿಗೆ ಜನ ಸೇರಿದರು. ಆಂಬುಲೆನ್ಸ್ ಬಂತು, ಆಮ್ಲಜನಕ ಹಾಕಿ ಮಣಿಪಾಲಕ್ಕೆ ಓಡಿಸಿದರು. ಸಂಜೆ ಆಸ್ಪತ್ರೆಯಲ್ಲಿ ಅವನು ಕಣ್ಣು ಬಿಟ್ಟು ಹೆಂಡತಿಗೆ ಹೇಳಿದ ಮೊದಲ ಮಾತು, "ಕೆಸರ ಇನ್ನೂ ಐತಿ." ಯಲ್ಲವ್ವ ಅಳುತ್ತಾ ಅವನ ಭುಜಕ್ಕೆ ಗುದ್ದಿದಳು. ಅಂದಿನಷ್ಟು ಸಂತೋಷ ನನಗೆ ಬದುಕಿನಲ್ಲಿ ಮತ್ತೆ ಆದದ್ದಿಲ್ಲ. ಗೆದ್ದೆವು, ಮೂರು ಹೆಂಗಸರು ಗೆದ್ದೆವು!

ಪೆಟ್ಟಿಗೆಯ ಉಳಿದರ್ಧ ಕಥೆಯನ್ನು ಹೇಳಿದವರು ಬಾಯಮ್ಮ. ಲಿಗೋರಿ ಪೊರ್ಬುಗಳ ತಮ್ಮ ಇದೇ ಬಾವಿಯಲ್ಲಿ, ಇದೇ ರೀತಿ, ಸೀಮೆಎಣ್ಣೆ ಇಂಜಿನಿನ ಹೊಗೆಗೆ ಸತ್ತಿದ್ದ. ಆಗ ಲಿಗೋರಿ ಹಡಗಿನಲ್ಲಿದ್ದರು. ಮರಳಿ ಬಂದವರು, ಹಡಗಿನ ತಳದ ಇಂಜಿನ್ ಕೋಣೆಯಿಂದ ಮೇಲಿನವರನ್ನು ಕರೆಯಲು ಇರುವಂಥ ಗಂಟೆಯನ್ನು ಬಾವಿಗೂ ಅಡಿಗೆ ಮನೆಗೂ ಹಾಕಿದರು. ಬಾವಿಯಲ್ಲಿ ಆಳು ಇರುವಷ್ಟು ಹೊತ್ತೂ ಪೆಟ್ಟಿಗೆಯ ಮುಂದಿನ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲವಂತೆ. ಗುಂಡಿಯೂ ಸಿಕ್ಕಿತು. ಬಾವಿಯ ಒಳಗೋಡೆಯಲ್ಲಿ, ಜರಿಗಿಡಗಳ ಹಿಂದೆ, ಹಸಿರು ಕಿಲುಬು ಹಿಡಿದು ಕಲ್ಲಾಗಿತ್ತು. ನಮ್ಮ ಮನೆಯವರು ಹೆಬ್ಬೆರಳಿನ ಬಲವೆಲ್ಲ ಹಾಕಿ ಒತ್ತಿದರೂ ಅದು ಅಲುಗಲಿಲ್ಲ.

ಹನುಮಂತಪ್ಪ ಅದನ್ನು ಒತ್ತಲಿಲ್ಲ. ಅದು ಅಲ್ಲಿರುವುದೇ ಅವನಿಗೆ ಗೊತ್ತಿರಲಿಲ್ಲ. ಪಂಪಿನ ನಡುಕಕ್ಕೆ ಬಿಲ್ಲೆ ಬಿದ್ದಿರಬಹುದು ಎಂದರು ನನ್ನ ಸಹೋದ್ಯೋಗಿಗಳು. ಬೀಳಲಿ, ಒಪ್ಪಿದೆ. ಗಂಟೆ? ಅದು ನಿಮ್ಮ ಭ್ರಮೆ ಎಂದರು. ಬೇಲಿಯಾಚೆಯ ಮುದುಕಿಗೂ ಅದೇ ಕ್ಷಣದಲ್ಲಿ ಅದೇ ಭ್ರಮೆಯೇ? ನಾನು ಈ ಹಿಂದೆ ಬೇರೆಯವರಿಗೆ ಕೇಳುತ್ತಿದ್ದ ಪ್ರಶ್ನೆಗಳನ್ನೆಲ್ಲ ನನಗೇ ಕೇಳಿಕೊಂಡಿದ್ದೇನೆ. ಮಂಡಲ ಪೂರ್ಣವಾಗದೆ ವಿದ್ಯುತ್ತು ಹರಿಯುವುದಿಲ್ಲ ಎಂದು ತರಗತಿಯಲ್ಲಿ ಈಗಲೂ ಕಲಿಸುತ್ತೇನೆ, ಅದು ಸುಳ್ಳಲ್ಲ.

ಗುಂಡಿಯನ್ನು ಬದಲಿಸಿದ್ದೇನೆ, ಹೊಸ ತಂತಿ ಎಳೆಸಿದ್ದೇನೆ, ಬ್ಯಾಟರಿ ಇಟ್ಟಿದ್ದೇನೆ. ನಮ್ಮ ಬಾವಿಯೊಳಗೆ ಇನ್ನು ಯಾವ ಇಂಜಿನೂ ಇಳಿಯುವುದಿಲ್ಲ. ಜಾಡಿಗಳಿಗೆ ಉಪ್ಪಿನಕಾಯಿಯ ಯೋಗವೂ ಇಲ್ಲ. ಪ್ರತಿ ಮೇ ತಿಂಗಳಲ್ಲಿ ಹನುಮಂತಪ್ಪನೇ ಬರುತ್ತಾನೆ, ಯಲ್ಲವ್ವ ಗಂಟು ಹಾಕುತ್ತಾಳೆ. ಇಳಿಯುವಾಗ ಅವನು ಮೊದಲು ಮಾಡುವ ಕೆಲಸ ಗುಂಡಿ ಒತ್ತುವುದು. ನಾನು ಪೆಟ್ಟಿಗೆಯ ಎದುರು ಕುರ್ಚಿ ಹಾಕಿ ಕೂತಿರುತ್ತೇನೆ. ಬಿಲ್ಲೆ ಬೀಳುತ್ತದೆ, ಗಂಟೆ ಬಾರಿಸುತ್ತದೆ, ನಾನು ಕಿಟಕಿಯಿಂದ ಊರಿಗೇ ಕೇಳುವಂತೆ ಕೂಗುತ್ತೇನೆ: "ಇದ್ದೇನೆ ಮಾರಾಯಾ, ಇದ್ದೇನೆ!" ಕೂಗುವುದು ಹನುಮಂತಪ್ಪನಿಗೆ. ಇನ್ನೂ ಯಾರಿಗಾದರೂ ಕೇಳಿಸುವುದಿದ್ದರೆ ಕೇಳಿಸಲಿ.