‘ಲಿಫ್ಟ್ ಅದ’ ಅಂದೆ

ಜೇವರ್ಗಿಯ ಆ ಹೋಟೆಲಿನ ಬಾಗಿಲಲ್ಲಿ ಮೆಟ್ಟಿಲುಗಳಿದ್ದವು. ನಾನು ನೋಡಿದ್ದೆ. ನೋಡಿಯೂ ನನ್ನ ತಮ್ಮನಿಗೆ ಹೇಳಲಿಲ್ಲ. ಅವನು ಗಾಲಿಕುರ್ಚಿಯಲ್ಲಿ ಓಡಾಡುವವನು. ಕುರ್ಚಿ ಒಳಗೆ ಹೋಗುತ್ತದೋ ಇಲ್ಲವೋ ನೋಡಿ ಬಾ ಅಂತಲೇ ನನ್ನನ್ನು ಕಳಿಸಿದ್ದ. ಆಮೇಲೆ ಕೇಳಿದವರಿಗೆಲ್ಲ ಮರೆತುಹೋಗಿತ್ತು ಅಂತ ಹೇಳಿಕೊಂಡು ತಿರುಗಿದೆ. ಮರೆತಿರಲಿಲ್ಲ.

ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಅಫಜಲಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಖಾನಾವಳಿ ನಡೆಸುತ್ತೇನೆ. ತಮ್ಮ ನನ್ನ ಹತ್ತಿರವೇ ಇರುತ್ತಾನೆ. ಹವಳಗಾದ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಮೇಲಿಂದ ಬಿದ್ದ ಮೇಲೆ ಅವನಿಗೆ ಸೊಂಟದ ಕೆಳಗೆ ಬಲವಿಲ್ಲ. ಖಾನಾವಳಿಯ ಎದುರಿಗೇ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಅಂಗಡಿಯಲ್ಲಿ ದೇವರ ಫೋಟೋಕ್ಕಿಂತ ಅವನ ಹೀರೋನ ಫೋಟೋ ದೊಡ್ಡದು. ಆಳಂದ, ಅಫಜಲಪುರ, ಜೇವರ್ಗಿ, ಮೂರೂ ತಾಲ್ಲೂಕಿನ ಅಭಿಮಾನಿಗಳನ್ನು ಕೂಡಿಸಿ ಸಂಘ ಕಟ್ಟಿದವನು ಅವನೇ. ವರ್ಷಕ್ಕೊಮ್ಮೆ ಸಮಾವೇಶ. ಅವನು ಮೈಕಿನಲ್ಲಿ ಹೀರೋನ ಒಂದು ಡೈಲಾಗ್ ಹೊಡೆದಮೇಲೇ ಸಮಾವೇಶ ಶುರು. ವರ್ಷವಿಡೀ ಸೋಲ್ಡರಿಂಗ್ ಹೊಗೆ ಕುಡಿಯುವವನಿಗೆ ಆ ಒಂದು ಗಳಿಗೆ ಬೇಕು.

ಮೊದಲೆಲ್ಲ ಜೇವರ್ಗಿಯ ಒಂದು ದಾಲ್ ಮಿಲ್ಲಿನ ಅಂಗಳದಲ್ಲಿ ಶಾಮಿಯಾನ ಹಾಕಿ ನಡೆಸುತ್ತಿದ್ದರು. ಊಟ ಮಿಲ್ಲಿನ ಮಾಲಕರದೇ. ಈಚೆಗೆ ಸೇರಿದ ಹುಡುಗರಿಗೆ ಅದು ನಾಚಿಕೆಯಾಯಿತು. ಹೊಸ ಅಧ್ಯಕ್ಷ, ಆಳಂದದ ಸಿಮೆಂಟ್ ವ್ಯಾಪಾರಿ, ಈ ಸಲ ಹೋಟೆಲಿನಲ್ಲೇ ಆಗಬೇಕು ಅಂತ ಹಟ ಹಿಡಿದ. ಆ ಜಗಳ ನಡೆದದ್ದು ನನ್ನ ಖಾನಾವಳಿಯಲ್ಲೇ.

“ಹೋಟೆಲ್ ಊಟ ಯಾರ್ ತಿಂತಾರಲೇ?” ಅಂದ ತಮ್ಮ. “ಬರೋರು ಹಮಾಲರು, ಆಟೋದವರು. ಒಂದ್ ದಿನದ ಕೂಲಿ ಒಂದ್ ಪ್ಲೇಟಿಗಿ ಹೋಗ್ತದ.”

“ಊಟ ಹೊರಗಿಂದ ತರ್ಸೋಣ್ರಿ. ಮ್ಯಾನೇಜರ್ ಹೂಂ ಅಂದಾನ,” ಅಂದ ಅಧ್ಯಕ್ಷ. “ನಿಮ್ಮ ಅಕ್ಕಾರೇ ಮಾಡ್ಲಿ. ಅಗ್ಗ ಆಗ್ತದ.”

“ಅಕಿ ರೊಟ್ಟಿ ತಿಂದ್ರ ಮಂದಿ ಸಿನಿಮಾ ಮರತು ದವಾಖಾನಿ ನೆನಸ್ತಾರ.”

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವನು ದಿನಾ ಎರಡು ಹೊತ್ತು ತಿನ್ನುವ ರೊಟ್ಟಿ ಅದು. ನಾನು ಅವನ ಮುಂದೆ ಚಹಾದ ಕಪ್ಪನ್ನು ಕುಕ್ಕಿ ಇಟ್ಟೆ.

“ಆತು, ಅಕಿನೇ ಮಾಡ್ಲಿ. ಖರೇ ನನ್ನ ಕುರ್ಚಿ ಒಳಗ ಹೋಗ್ಬೇಕು,” ಅಂದ ಅವನು. “ಹೋಗಲಿಲ್ಲಂದ್ರ ದಾಲ್ ಮಿಲ್ಲೇ. ಅಕ್ಕಾ, ಊಟದ್ದು ಮಾತಾಡಾಕ ಹೋದಾಗ ನೀನೇ ನೋಡ್ಕೊಂಡ್ ಬಾ. ಇವರ ಕಣ್ಣಿಗಿ ಮೆಟ್ಲ ಕಾಣಂಗಿಲ್ಲ.”

ಹೋದೆ. ಹೋಟೆಲ್ ಹೊಸದು, ಹೆದ್ದಾರಿಗೆ ಮುಖ ಮಾಡಿ ನಿಂತಿತ್ತು. ಮ್ಯಾನೇಜರ್ ನನ್ನ ಕಾಲಿನ ಚಪ್ಪಲಿ ನೋಡಿ ಕೆಲಸ ಕೇಳಲು ಬಂದವಳು ಅಂದುಕೊಂಡ. ಊಟದ ಮಾತು ಎತ್ತಿದ ಮೇಲೆ ಮಹಡಿಯ ಮೇಲಿನ ಹಾಲ್ ತೋರಿಸಿದ. ಲಿಫ್ಟಿನಲ್ಲೇ ಕರೆದೊಯ್ದ. ಇಳಿದು ಬರುವಾಗ ಬಾಗಿಲಲ್ಲಿ ನಿಂತು, “ಈ ಮೆಟ್ಲ ಜರ ಎತ್ತರ ಅವರಿ. ವಯಸ್ಸಾದವರು ಬರೋರಿದ್ರ ಹುಷಾರ್ರಿ,” ಅಂದ. ನಾನು ಸೆರಗು ಎತ್ತಿ ಹಿಡಿದು ಆ ಮೆಟ್ಟಿಲುಗಳನ್ನು ಇಳಿದೆ.

ರಸ್ತೆಗೆ ಬರುವಷ್ಟರಲ್ಲಿ ತಮ್ಮನ ಫೋನ್ ಬಂತು.

“ಲಿಫ್ಟ್ ಅದಾ?”

“ಅದ.”

“ಬಾಗಲ ಮುಂದ ಹ್ಯಾಂಗದ?”

“ನುಣ್ಣಗ ಕಲ್ಲ ಹಾಸ್ಯಾರ.”

ಎರಡೂ ಸುಳ್ಳಲ್ಲ. ಅದಕ್ಕೇ ಸಲೀಸಾಗಿ ಬಾಯಿಂದ ಬಂದವು.

ಯಾಕೆ ಹಾಗೆ ಹೇಳಿದೆ? ದಾಲ್ ಮಿಲ್ಲಿಗೆ ಹೋದರೆ ಅಡಿಗೆ ನನ್ನ ಕೈ ತಪ್ಪುತ್ತಿತ್ತು. ಮೂರು ತಾಲ್ಲೂಕಿನ ಮಂದಿ ನನ್ನ ರೊಟ್ಟಿ ತಿಂದು ಹೊಗಳುವುದನ್ನು ಅವನು ಕಿವಿಯಾರೆ ಕೇಳಬೇಕು ಅನ್ನುವ ಹಟ ನನಗೆ. ಇನ್ನೂ ಒಂದಿತ್ತು. ಅವನನ್ನು ಎತ್ತಿ, ಇಳಿಸಿ, ಬಯ್ಸಿಕೊಂಡು ನನ್ನ ರಟ್ಟೆಗಳು ಸೋತಿದ್ದವು. ಅಭಿಮಾನಿಗಳು ಅಂತೀರಲ್ಲ, ಒಂದು ದಿನ ನೀವೇ ಎತ್ತಿ ನೋಡಿರಿ ಅನ್ನಿಸಿತ್ತು.

ಎತ್ತಿದರು.

ಸಮಾವೇಶದ ದಿನ ಮುಂಜಾನೆ ಟಂಟಂ ಗಾಡಿಯಿಂದ ಅವನ ಕುರ್ಚಿ ಇಳಿಸಿದಾಗ ಹೋಟೆಲಿನ ಮುಂದೆ ಕುಣಿಯುತ್ತ ಹಲಗೆ ಬಡಿಯುತ್ತಿದ್ದರು. ಹೀರೋನ ಕಟೌಟಿಗೆ ತಂದ ಹಾರಗಳಲ್ಲಿ ದೊಡ್ಡದೊಂದನ್ನು ಹುಡುಗರು ಅವನ ಕೊರಳಿಗೆ ಹಾಕಿದರು. ಅವನು ಹಲ್ಲು ಕಿಸಿದು ಕೈ ಬೀಸಿದ. ಆಮೇಲೆ ಮೆಟ್ಟಿಲು ಕಂಡ. ಕಂಡು ನನ್ನ ಕಡೆ ತಿರುಗಿದ.

“ಲಿಫ್ಟ್ ಎಲ್ಲದ ಅಕ್ಕಾ?”

“ಒಳಗ.”

“ಒಳಗ ಹೋಗೋದು ಹ್ಯಾಂಗ?”

ನಾನು ಬಾಯಿ ತೆರೆಯುವ ಮೊದಲೇ ಅಧ್ಯಕ್ಷ ಕೂಗಿದ: “ಹೆಗಲ್ ಕೊಡ್ರಲೇ! ಅಣ್ಣಾರನ್ನ ರಾಜನಂಗ ಒಯ್ಯೋಣು!”

ನಾಲ್ಕು ಹುಡುಗರು ಕುರ್ಚಿಗೆ ಕೈ ಹಾಕಿ ಒಂದೇ ಏಟಿಗೆ ಹೆಗಲಿಗೆ ಎತ್ತಿದರು. ಹಲಗೆ ಜೋರಾಯಿತು. ಜೈಕಾರ ಶುರುವಾಯಿತು. ಅವರು ಬೇಕಂತ ಮಾಡಲಿಲ್ಲ. ಆದರೆ ನಮ್ಮ ಮಂದಿಯಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಕೂರಿಸುತ್ತಾರೆ. ಕೊರಳಿಗೆ ಹಾರ ಹಾಕಿ, ಬಿದಿರಿನ ವಿಮಾನ ಕಟ್ಟಿ, ಹೆಗಲ ಮೇಲೆ ಹೊತ್ತು, ಮುಂದೆ ಹಲಗೆ ಬಡಿಸಿಕೊಂಡು ಒಯ್ಯುತ್ತಾರೆ. ಕೂತವನನ್ನು ಹೀಗೆ ಹೊರುವುದು ಬಾಳಿನಲ್ಲಿ ಒಂದೇ ಸಲ.

ರಸ್ತೆಯಲ್ಲಿ ಹೊರಟಿದ್ದ ಒಬ್ಬ ಮುದುಕಿ ನಿಂತಳು. ಕಾಲಿನ ಚಪ್ಪಲಿ ಬಿಟ್ಟು ನನ್ನ ತಮ್ಮನಿಗೆ ಕೈ ಮುಗಿದಳು.

ಯಾರೋ ಒಬ್ಬ ಅದನ್ನು ಕಂಡು ಕಿಸಕ್ಕನೆ ನಕ್ಕ. ನಗು ಒಬ್ಬರಿಂದ ಒಬ್ಬರಿಗೆ ಹೋಯಿತು. ಹೊತ್ತವರೂ ನಕ್ಕರು, ಕುರ್ಚಿ ವಾಲಿತು. ಮೇಲೆ ನನ್ನ ತಮ್ಮ ಎರಡೂ ಕೈಯಿಂದ ಕುರ್ಚಿ ಹಿಡಿದು ಒದರುತ್ತಿದ್ದ: “ಇಳಸ್ರಲೇ! ಇಳಸ್ರಿ ಸೂಳೀಮಕ್ಕಳ್ರಾ! ಜೀವ ಅದ ನಂದು!”

ಅರ್ಧ ಮೆಟ್ಟಿಲಿನಿಂದ ಹಿಂದೆ ತಂದು ಇಳಿಸಿದರು. ಅವನು ಹಾರ ಕಿತ್ತು ಎಸೆದ.

“ಸಿಟ್ಟಾಗಬ್ಯಾಡ್ರಿ,” ಅಂದ ಅಧ್ಯಕ್ಷ. “ಹಾರ ಇಲ್ದೇ ಒಯ್ತೇವಿ.”

“ನನ್ನ ಗಾಲಿ ಮ್ಯಾಲ ನಾ ಹೋಗ್ತೇನಿ. ಇಲ್ಲಾಂದ್ರ ಹೋಗಂಗಿಲ್ಲ. ಹಿಂದ ಸಿಲಿಂಡರ್ ಒಯ್ಯೋ ದಾರಿ ಇರ್ಬೇಕಲ್ಲ?”

“ಅದು ಅಡಗಿಮನಿ ದಾರಿರಿ. ಅಲ್ಲಿಂದ ಯಾರನ್ನೂ ಬಿಡಂಗಿಲ್ಲ,” ಅಂದ ಮ್ಯಾನೇಜರ್. ಬೈಗುಳ ತನ್ನ ಮೇಲೆ ಬರುವಂತೆ ಕಂಡಾಗ ನನ್ನ ಕಡೆ ಬೆರಳು ಮಾಡಿದ. “ನಮ್ಮ ಮ್ಯಾಲ ಯಾಕ ಒದರ್ತೀರಿ? ಅಕ್ಕಾರ ಬಂದು ಎಲ್ಲಾ ನೋಡ್ಯಾರ. ಮೆಟ್ಲ ಎತ್ತರ ಅವ ಅಂತ ನಾನೇ ಹೇಳೇನಿ. ಕೇಳ್ರಿ ಅವರಿಗೇ.”

ಹಲಗೆ ನಿಂತಿತ್ತು. ಎಲ್ಲರೂ ನನ್ನನ್ನೇ ನೋಡಿದರು.

“ಹೇಳಿದ್ದು ನಂಗ ನೆನಪಿಲ್ರಿ,” ಅಂದೆ.

ಬಾಯಿ ತೆರೆದರೆ ಬಯ್ಯುವ ತಮ್ಮ ಅವತ್ತು ಒಂದು ಬೈಗುಳವನ್ನೂ ನನಗೆ ಕೊಡಲಿಲ್ಲ. ಕುರ್ಚಿ ತಿರುಗಿಸಿಕೊಂಡು ಗಾಡಿಗಳು ನಿಲ್ಲುವ ಜಾಗದ ಗೋಡೆಯ ಮಗ್ಗುಲಿಗೆ ಹೋಗಿ ಕೂತ. ಮೇಲೆ ಮೈಕಿನಲ್ಲಿ ಅಧ್ಯಕ್ಷ ಡೈಲಾಗ್ ಹೊಡೆದು ಸಮಾವೇಶ ಶುರು ಮಾಡಿದ. ಅರ್ಧಕ್ಕೆ ಮರೆತು ತಡವರಿಸಿದ. ಕೆಳಗೆ ಅದು ಚೆನ್ನಾಗಿ ಕೇಳುತ್ತಿತ್ತು.

ಊಟ ಅಗ್ಗವಿತ್ತು, ಚೆನ್ನಾಗಿಯೂ ಇತ್ತು. ರೊಟ್ಟಿ, ಪುಂಡಿಪಲ್ಯ, ಹೆಸರುಬೇಳೆ, ಶೇಂಗಾದ ಹಿಂಡಿ. ಹಮಾಲರು ಕೇಳಿ ಕೇಳಿ ಹಾಕಿಸಿಕೊಂಡರು. “ಅಕ್ಕಾರ ಕೈರುಚಿ ಭಾರಿ ಅದ” ಅಂತ ಹತ್ತು ಕಡೆಯಿಂದ ಕೇಳಿದೆ. ನಾನು ಆಸೆಪಟ್ಟ ಮಾತೇ ಅದು. ಅಂದವರ ಬಾಯಿಗೆ ಬಡಿಯಬೇಕು ಅನ್ನಿಸಿತು. ಅವನು ಕೆಳಗೆ ಬಿಸಿಲಲ್ಲಿ ಕೂತಿರುವಾಗ ಇವರೆಲ್ಲ ಹೇಗೆ ನುಂಗುತ್ತಾರೆ ಅಂತ ಒಳಗೊಳಗೇ ಬೈದೆ. ಬಡಿಸುತ್ತಿದ್ದವಳು ನಾನೇ.

ತಟ್ಟೆ ತುಂಬಿಸಿಕೊಂಡು ಇಳಿದು ಹೋದೆ. ಅವನ ಮುಂದೆ ಹಿಡಿದೆ.

ತಟ್ಟೆ ನೋಡಿದ. ನನ್ನ ಮುಖ ನೋಡಿದ.

“ಹೊತ್ತಿದ್ದಾತು,” ಅಂದ. “ಈಗ ಎಡಿ ಹಿಡಿಯಾಕ ಬಂದಿಯೇನು?”

ಎಡೆ ಅಂದರೆ ಸತ್ತವರ ಮುಂದೆ ಇಡುವ ಊಟ. ತಟ್ಟೆ ಹಿಡಿದುಕೊಂಡು ಮತ್ತೆ ಮೆಟ್ಟಿಲು ಹತ್ತಿದೆ.

ಅವತ್ತಿನಿಂದ ಅವನು ನನ್ನ ಖಾನಾವಳಿಯಲ್ಲಿ ಉಣ್ಣಲಿಲ್ಲ. ಬಸ್‌ಸ್ಟ್ಯಾಂಡಿನ ಗಾಡಿಯಿಂದ ಸುಸಲಾ, ಮಿರ್ಚಿ ತರಿಸಿ ಅಂಗಡಿಯಲ್ಲೇ ತಿಂದ. ನಾನೂ ಸುಮ್ಮನಿರಲಿಲ್ಲ. “ತಿನ್ನಲಿ ಬಿಡ್ರಿ, ಹೊಟ್ಟಿ ಸುಟ್ಟಾಗ ಬರ್ತಾನ” ಅಂತ ಗಿರಾಕಿಗಳ ಮುಂದೆ ಅಂದೆ. ಅವನಿಗೆ ಕೇಳಲಿ ಅಂತಲೇ ಅಂದೆ. ರಾತ್ರಿ ಕುರ್ಚಿಯಿಂದ ಹಾಸಿಗೆಗೆ ಇಳಿಯುವಾಗ ಮೊದಲು ನನ್ನ ಕೊರಳು ಹಿಡಿಯುತ್ತಿದ್ದ. ಈಗ ಗೋಡೆಗೊಂದು ಹಗ್ಗ ಕಟ್ಟಿಕೊಂಡ. ಎರಡು ಸಲ ಬಿದ್ದ. ಬಿದ್ದ ಸಪ್ಪಳ ಕೇಳಿ ಎದ್ದು ಹೋದರೆ, “ಮುಟ್ಟಬ್ಯಾಡ” ಅಂದ.

ಎರಡನೆಯ ಸಲ ಬಿದ್ದಾಗ ಮೊಣಕೈ ಒಡೆಯಿತು. ಬೆಳಿಗ್ಗೆ ಎದುರಿನ ಅಂಗಡಿಯಲ್ಲಿ ಆ ಕೈಗೆ ಅರಿವೆ ಸುತ್ತಿಕೊಂಡು ಯಾರದೋ ಫೋನಿನ ಸ್ಕ್ರೂ ಬಿಚ್ಚುತ್ತಿದ್ದ. ಸ್ಕ್ರೂ ಜಾರಿ ಕೆಳಗೆ ಬಿತ್ತು. ಅದನ್ನು ಬಗ್ಗಿ ಎತ್ತಿಕೊಳ್ಳಲು ಅವನಿಗೆ ಆಗಲಿಲ್ಲ; ಯಾರನ್ನೂ ಕೇಳಲೂ ಇಲ್ಲ. ಹೆಂಚಿನ ಮೇಲೆ ರೊಟ್ಟಿ ಇತ್ತು. ಅದನ್ನು ಬಿಟ್ಟು ಹಿಟ್ಟಿನ ಕೈಯಲ್ಲೇ ರಸ್ತೆ ದಾಟಿದೆ.

ಅಂಗಡಿಯ ಮುಂದೆ ಮಂದಿ ನಿಂತಿದ್ದರು. ಅವರಲ್ಲಿ ಸಮಾವೇಶಕ್ಕೆ ಬಂದಿದ್ದ ಆಟೋದವನೂ ಇದ್ದ.

“ಗಿರಾಕಿ ಅದಾರ. ಆಮ್ಯಾಲ ಬಾ,” ಅಂದ ತಮ್ಮ, ತಲೆ ಎತ್ತದೆ.

“ಗಿರಾಕಿ ಮುಂದೇ ಹೇಳ್ತೇನಿ. ಮಂದಿ ಮುಂದೇ ಸುಳ್ಳ ಹೇಳೇನಿ.”

“ಏನ್ ಹೇಳ್ತಿ? ನೆನಪಿಲ್ಲ ಅಂತಿ.”

ನನ್ನ ದನಿ ನನಗೇ ಜೋರಾಗಿ ಕೇಳಿತು. “ನೆನಪದ. ಮೆಟ್ಲ ನಾ ನೋಡೇನಿ. ನೋಡೇ ನಿಂಗ ಹೇಳ್ಲಿಲ್ಲ. ನನ್ನ ಅಡಗಿ ತಪ್ತದ ಅಂತ ಹೇಳ್ಲಿಲ್ಲ. ನಿನ್ನ ಮ್ಯಾಲಿನ ಸಿಟ್ಟಿಗಿ ಹೇಳ್ಲಿಲ್ಲ. ಜೀವ ಇದ್ದ ನಿನ್ನ ಹೆಣದಂಗ ಹೊರಸ್ದಾಕಿ ನಾನು. ತಪ್ಪಾತೋ ತಮ್ಮಾ. ನಂದು ತಪ್ಪಾತು.”